ಚೀಲದೊಳಗಿನ ಬಿಳಿ ಬಾಟಲಿ

ಆಸಿಡ್ ಹಾಕಿಯಾಗಿದೆ. ಇದನ್ನೂ ಸುರಿಯಬಹುದೇ? ‘ಆಸಿಡ್ ಜೊತೆ ಬೆರೆಸಬೇಡಿ’ ಎಂದು ಬರೆದಿದೆಯಲ್ಲ? ಕಂಪನಿಯವರು ಏನಾದರೂ ಬರೆಯುತ್ತಾರೆ. ಆದರೆ ಸುಮ್ಮನೆ ಏಕೆ ಬರೆದಾರು?

ಗುರುಶಾಂತನ ಮನಸ್ಸು ಹೀಗೆ ಹೊಯ್ದಾಡುತ್ತಿದ್ದುದು ನನಗೆ ಅವನ ಬೆರಳುಗಳಿಂದಲೇ ತಿಳಿಯುತ್ತಿತ್ತು. ಮುಚ್ಚಳ ತಿರುಗಿಸುತ್ತಿದ್ದ, ಮತ್ತೆ ಬಿಗಿಯುತ್ತಿದ್ದ.

ನಾನು ಬ್ಲೀಚ್ ತುಂಬಿದ ಒಂದು ಬಿಳಿ ಬಾಟಲಿ. ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಕಾದ ಪ್ಲಾಸ್ಟಿಕ್ಕಿಗೆ ಗಾಳಿ ಊದಿ ನನಗೆ ಹೊಟ್ಟೆ ಬರಿಸಿದರು. ಬಿಸಿಲು ತಾಗಿದರೆ ಒಳಗಿನ ದ್ರವ ಸತ್ವ ಕಳೆದುಕೊಳ್ಳುತ್ತದೆಂದು ಮೈಯನ್ನು ಬೆಳಕು ಹಾಯದಂತೆ ದಪ್ಪಗೆ ಮಾಡಿದರು. ಬೆಟಗೇರಿಯ ಅಂಗಡಿಯೊಂದರಲ್ಲಿ ಸೋಪುಗಳ ಪಕ್ಕ ಕೂತಿದ್ದ ನನ್ನನ್ನು ಮನೆಗೆ ತಂದವನು ಗುರುಶಾಂತ.

ಅವನ ತಾಯಿ ಈರವ್ವ ಮಗ್ಗದ ಮನೆಯ ಹತ್ತಿಧೂಳು ಕುಡಿದು ದಮ್ಮು ಹತ್ತಿಸಿಕೊಂಡವಳು. ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ್ದಳು. ಇನ್ನೊಮ್ಮೆ ಸೋಂಕು ತಗುಲಿದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ಆ ದಿನ ಅವಳು ಮನೆಗೆ ಬರುವವಳಿದ್ದಳು. ಬಚ್ಚಲಿನ ಕಲ್ಲಿನ ಮೇಲೆ ಬೋರ್‌ವೆಲ್ ನೀರಿನ ಹಳದಿ ಕಲೆ. ಕಲೆಗೆ ಆಸಿಡ್, ಕ್ರಿಮಿಗೆ ನಾನು. ಧೂಳು ಬರಬಾರದೆಂದು ಕಿಟಕಿಗೆ ಬಟ್ಟೆಯನ್ನೂ ತುರುಕಿದ್ದ.

ಕೊನೆಗೆ ನನ್ನನ್ನು ಬಗ್ಗಿಸಿಯೇಬಿಟ್ಟ. ನೆಲದಿಂದ ಘಾಟು ಎದ್ದಿತು. ಅವನ ಕಣ್ಣು ಉರಿದವು. ಕೆಮ್ಮುತ್ತ ಹೊರಗೆ ಬಂದು, ವಾಸನೆ ಮನೆಗೆ ಹರಡದಿರಲೆಂದು ಬಾಗಿಲೆಳೆದ. ಆಗಲೇ ಈರವ್ವನನ್ನು ಕರೆತಂದ ಆಟೋ ಬಂದು ನಿಂತಿತು.

“ಬಚ್ಚಲಾ ತೊಳ್ಯಾಕತ್ತಾನ ನಿನ್ನ ಮಗಾ! ಸೊಸಿ ಯಾಕ ಬೇಕವಾ ನಿನಗ?” ಎಂದು ಆಸ್ಪತ್ರೆಯಿಂದ ಜೊತೆಗೆ ಬಂದಿದ್ದ ನೆರೆಮನೆಯ ಚನ್ನಕ್ಕ ನಕ್ಕಳು.

“ದೃಷ್ಟಿ ಹಚ್ಚಬ್ಯಾಡ ಸುಮ್ಕಿರು,” ಎಂದಳು ಈರವ್ವ.

ಗುರುಶಾಂತ ಆಟೋದಿಂದ ಹಾಸಿಗೆ ಇಳಿಸುತ್ತಿದ್ದ. ಆಸ್ಪತ್ರೆಯ ಕಾಲಲ್ಲಿ ಒಳಗೆ ಹೋಗಬಾರದೆಂದು ಈರವ್ವ ಕಾಲು ತೊಳೆಯಲು ಹಿತ್ತಲಿನಿಂದ ನೇರ ಬಚ್ಚಲಿಗೆ ಬಂದಳು. ಒಳಹೊಕ್ಕು ಬಾಗಿಲು ಮುಚ್ಚಿಕೊಂಡಳು. ಹೊರಗೆ ಗೋಡೆಗೊರಗಿ ನಿಂತಿದ್ದ ನಾನು ಕೂಗಲಾರದೆ ಹೋದೆ.

ಕೆಮ್ಮು ಕೇಳಿತು. ಆಮೇಲೆ ತಂಬಿಗೆ ಬಿದ್ದ ಸದ್ದು.

ಚನ್ನಕ್ಕ ಮೂಗಿಗೆ ಸೆರಗು ಒತ್ತಿಕೊಂಡು ಅವಳನ್ನು ಗಾಳಿಗೆ ಎಳೆದು ತಂದಳು. ಅದೇ ಆಟೋ ಆಸ್ಪತ್ರೆಗೆ ತಿರುಗಿತು. ಗುರುಶಾಂತ ನನ್ನನ್ನು ಚೀಲಕ್ಕೆ ಹಾಕಿಕೊಂಡ. ಡಾಕ್ಟರಿಗೆ ತೋರಿಸಬೇಕೆಂದೇ ಹಾಕಿಕೊಂಡ. ದಾರಿಯುದ್ದಕ್ಕೂ ಚೀಲದ ಮೇಲಿಂದ ನನ್ನ ಕತ್ತು ಹಿಚುಕುತ್ತಿದ್ದ.

“ಹೊಗಿ, ಘಾಟು ಏನರ ಕುಡದಾರೇನು?” ಡಾಕ್ಟರು ಕೇಳಿದರು.

ಅವನ ಕೈ ಚೀಲದೊಳಗೆ ಬಂತು. ನನ್ನನ್ನು ಮುಟ್ಟಿತು. ನಾನು ಕಾದೆ.

“ಇಲ್ರೀ. ಮೊದಲಿಂದನೂ ದಮ್ಮೈತ್ರೀ.”

ಈರವ್ವ ಬದುಕಿದಳು. ಆದರೆ ಮಂಚದಿಂದ ಬಾಗಿಲಿಗೆ ಬರುವಷ್ಟೂ ಉಸಿರು ಉಳಿಯಲಿಲ್ಲ. “ನೀ ಅಷ್ಟ ಚಂದ ತೊಳದಿದ್ದೆಪಾ… ನನ್ನ ಹಣೇಬಾರ,” ಎಂದು ಮಗನ ಕೈ ಸವರುತ್ತಿದ್ದಳು. ಅವನು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದ.

ಆಮೇಲೆ ನನಗೆ ಬೀಗದ ಕಪಾಟು, ಅದರಲ್ಲೂ ಮೇಲಿನ ಅರೆ. ಆಸಿಡ್ ಮತ್ತೆ ಮನೆಗೆ ಬರಲಿಲ್ಲ. ಕಿಟಕಿ ತೆರೆದು, ಕೈಗವಸು ಹಾಕಿಕೊಂಡು, ಬಕೆಟ್ ನೀರಿಗೆ ನನ್ನಿಂದ ಸ್ವಲ್ಪವೇ ಬೆರೆಸುತ್ತಿದ್ದ. ಕೊನೆಗೆ ಬರೀ ನೀರಿನಿಂದ ತೊಳೆದೇ ತೊಳೆಯುತ್ತಿದ್ದ.

“ಅವತ್ತ ಎಂಥಾ ಘಾಟೊ ಅದು?” ಎಂದು ಚನ್ನಕ್ಕ ಒಮ್ಮೆ ಕೇಳಿದಳು.

“ಹೊಸಾ ಫಿನಾಯಿಲ್, ಚಿಗವ್ವ.”

ಈಗ ನಾನು ಬರಿದಾಗಿದ್ದೇನೆ. ಯಾರೂ ನನ್ನಲ್ಲಿ ಕುಡಿಯುವ ನೀರು ತುಂಬಬಾರದೆಂದು ಅವನೇ ನನ್ನ ಕತ್ತು ಕೊಯ್ದ. ಗುಜರಿಯವನ ಮೂಟೆಯಲ್ಲಿ ಬಿದ್ದುಕೊಂಡು ಯೋಚಿಸುತ್ತೇನೆ: ನನಗೆ ಮಾತು ಬರುವುದಿಲ್ಲ, ಅದು ನನ್ನ ಹುಟ್ಟು. ಮಾತು ಬರುವವನು ನುಂಗಿಕೊಂಡದ್ದು ಎಲ್ಲಿ ಹೋಗಿ ಸೇರುತ್ತದೆ?

ಆಸಿಡ್ ಮೇಲೆ ನನ್ನನ್ನು ಸುರಿದವನು ತಾನೇ ಎಂದು ಗುರುಶಾಂತ ಡಾಕ್ಟರಿಗೆ ಹೇಳಲಿಲ್ಲ. ತಾಯಿ ಕಣ್ಣು ಮುಚ್ಚುವವರೆಗೂ ತಾಯಿಗೂ ಹೇಳಲಿಲ್ಲ.