ಸೀಟು ಮಾವನ ಸಾಕ್ಷ್ಯ

ಸೀಟು ಮಾವ ಯಾರ ಮನೆಗೆ ಹೋದರೂ, ಯಾವ ಕಚೇರಿಯಲ್ಲಿ ಕುರ್ಚಿ ತೋರಿಸಿದರೂ, ಕೂರುವ ಮೊದಲು ಬಲಗೈ ಹೆಬ್ಬೆರಳಿನಿಂದ ಅದನ್ನೊಮ್ಮೆ ಒತ್ತಿ ನೋಡುತ್ತಿದ್ದರು. ವೈದ್ಯರು ರೋಗಿಯ ಹೊಟ್ಟೆ ಒತ್ತಿ ನೋಡುವಾಗ ಇರುವ ಗಾಂಭೀರ್ಯವೇ ಆಗ ಅವರ ಮುಖದಲ್ಲಿರುತ್ತಿತ್ತು. ಬೆರಳು ತೆಗೆದ ಮೇಲೆ ಆ ಕುಳಿ ಎಷ್ಟು ಹೊತ್ತಿಗೆ ಮೇಲೇಳುತ್ತದೆಂದು ಕಣ್ಣು ಕಿರಿದು ಮಾಡಿ ನೋಡಿ, ಆಮೇಲೆ ತೀರ್ಪು. ನಮ್ಮ ಮನೆಗೆ ಮೊದಲ ಸಲ ಬಂದಾಗ, ನನ್ನ ಹೆಂಡತಿ ಕಾಫಿ ಹಿಡಿದು ನಿಂತಿರುವಂತೆಯೇ, "ಇದರ ಸ್ಪಂಜು ಸತ್ತು ಮೂರು ವರ್ಷ ಆಯ್ತಲ್ಲಮ್ಮ, ನೀವಿನ್ನೂ ಅದರ ಮೇಲೆ ಕೂತಿದೀರಿ, ಹೌದೋ ಅಲ್ವೋ?" ಎಂದುಬಿಟ್ಟರು. ಆ ಸೋಫಾ ಅವಳು ತವರಿನಿಂದ ತಂದದ್ದು. ಒಂದು ತಿಂಗಳು ನಮ್ಮ ಮನೆಯಲ್ಲಿ ಅವರ ಸುದ್ದಿ ಎತ್ತುವಂತಿರಲಿಲ್ಲ.

ಬಸ್ಸಿನ ಸೀಟು, ಸಿನಿಮಾ ಮಂದಿರದ ಸೀಟು, ಕ್ಷೌರದಂಗಡಿಯ ತಿರುಗುಕುರ್ಚಿ, ಹಲ್ಲಿನ ಡಾಕ್ಟರ ಒರಗುಕುರ್ಚಿ, ಹೀಗೆ ಜನ ಎಲ್ಲೆಲ್ಲಿ ಕೂರುತ್ತಾರೋ ಅಲ್ಲೆಲ್ಲ ಅವರ ಹೊಲಿಗೆ ಇದ್ದದ್ದರಿಂದ ಅವರು ಊರಿಗೆಲ್ಲ ಸೀಟು ಮಾವ. ಬಣ್ಣ ಯಾವುದಾಗಿತ್ತೆಂದು ಅದಕ್ಕೇ ಮರೆತುಹೋದ ಒಂದು ಕೋಟು. ಅದರ ಕಾಲರಿನಲ್ಲಿ ಸದಾ ನಾಲ್ಕಾರು ಬಾಗಿದ ಸೂಜಿಗಳು, ಒಂದೆರಡಕ್ಕೆ ದಾರವೂ ಪೋಣಿಸಿರುತ್ತಿತ್ತು. ಅವರನ್ನು ಅಪ್ಪಿಕೊಳ್ಳಲು ಹೋದ ಮೊಮ್ಮಕ್ಕಳೆಲ್ಲ ಒಮ್ಮೆಯಾದರೂ ಚುಚ್ಚಿಸಿಕೊಂಡು ಅತ್ತವರೇ. ಮೊಣಕಾಲೂರಿ ದುಡಿದು ದುಡಿದು ನಡಿಗೆ ಎಡಕ್ಕೆ ವಾಲಿತ್ತು. ದೂರದಿಂದ ನೋಡಿದರೆ ಯಾರದೋ ಕಿವಿಯಲ್ಲಿ ಗುಟ್ಟು ಹೇಳಲು ಬಾಗಿಕೊಂಡೇ ಬರುತ್ತಿದ್ದಾರೇನೋ ಅನಿಸುತ್ತಿತ್ತು. ಕೆಲಸದ ಹೊತ್ತಿನಲ್ಲಿ ಬಾಯಿತುಂಬ ಸಣ್ಣ ಮೊಳೆ. ಅವನ್ನು ತುಟಿಯಂಚಿಗೆ ಒಂದೊಂದಾಗಿ ತಂದು ಸುತ್ತಿಗೆಗೆ ಒಪ್ಪಿಸುತ್ತ, ಬಾಯಿಯ ಉಳಿದ ಅರ್ಧದಿಂದ ಮಾತಾಡುತ್ತಿದ್ದರು. ಮೊಳೆಗಳನ್ನೆಲ್ಲ ಅಂಗೈಗೆ ಉಗಿದರೆಂದರೆ, ಸಿಟ್ಟು ಬಂದಿದೆ ಎಂದು ನಾವು ತಿಳಿಯಬೇಕು.

ಇಂಥ ಮನುಷ್ಯನಿಗೆ ಇದ್ದದ್ದು ಒಂದೇ ಚಟ, ಭಾನುವಾರ ಮಧ್ಯಾಹ್ನದ ಕುಸ್ತಿ. ಹಗ್ಗ ಬಿಗಿದ ಚೌಕಾಕಾರದ ರಿಂಗಿನೊಳಗೆ ಮುಖವಾಡ ತೊಟ್ಟ ಭೀಮಕಾಯರು ಎತ್ತಿ ಎತ್ತಿ ಕುಕ್ಕುವ, ಯಾರು ಗೆಲ್ಲಬೇಕೆಂಬುದು ಮೊದಲೇ ನಿಶ್ಚಯವಾಗಿರುವ ಪ್ರದರ್ಶನದ ಕುಸ್ತಿ. ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಒಂದು ಕಂಪನಿ ಅದನ್ನು ನಡೆಸುತ್ತಿತ್ತು. ನಾವು ನಲವತ್ತು ಜನ ಅದರ ಖಾಯಂ ಗಿರಾಕಿಗಳು. "ಅದೆಲ್ಲ ನಾಟಕ ಅಲ್ವೇನ್ರೀ?" ಎಂದು ಹೊರಗಿನವರು ಮೂಗು ಮುರಿದರೆ ನಮಗೆ ಮೈ ಉರಿಯುತ್ತಿತ್ತು. ನಾಟಕವೆಂದು ನಮಗೇನು ಗೊತ್ತಿಲ್ಲವೆ? ಗೊತ್ತಿದ್ದೂ ನೋಡುವುದರಲ್ಲೇ ನಮ್ಮ ರಸಿಕತೆಯೆಲ್ಲ ಇತ್ತು.

ಪ್ರದರ್ಶನ ಮುಗಿದ ಮೇಲೆ ಮಾವನ ಕಾರ್ಖಾನೆಯಲ್ಲಿ ಸಭೆ. ಬಿಚ್ಚಿ ಹಾಕಿದ ಬಸ್ಸಿನ ಸೀಟುಗಳ ಮೇಲೆ ನಾವು, ನಡುವೆ ನೆಲದ ಮೇಲೆ ಅವರು. ಫೋಟೋ ಸ್ಟುಡಿಯೋ ಇಟ್ಟಿದ್ದ ಒಬ್ಬ ವಾಚಾಳಿ, ಆಸ್ಪತ್ರೆಯ ಪಾಳಿ ಮುಗಿಸಿ ಬಿಳಿ ಸಮವಸ್ತ್ರದಲ್ಲೇ ಬರುತ್ತಿದ್ದ ನರ್ಸಮ್ಮ, ಮುದ್ರಣಾಲಯದಲ್ಲಿ ಕರಡು ತಿದ್ದುವ ನಾನು, ಹೀಗೆ ನಾನಾ ಕಸುಬಿನ ಜನ. ಅಲ್ಲಿ ಗೆಲುವು ಸೋಲಿನ ಮಾತು ಹತ್ತು ನಿಮಿಷಕ್ಕೆ ಮುಗಿದು, ಬಿದ್ದವರ ಮಾತು ಶುರುವಾಗುತ್ತಿತ್ತು. ಯಾರ ತಲೆ ನೆಲಕ್ಕೆ ಬಡಿಯಿತು, ಯಾರು ಎದ್ದು ನಿಂತಾಗ ತೂರಾಡಿದರು, ಹೋದ ವಾರ ಪ್ರಜ್ಞೆ ತಪ್ಪಿದವನನ್ನು ಈ ವಾರ ಮತ್ತೆ ಹತ್ತಿಸಿದ್ದು ಸರಿಯೆ.

"ಅಪಾಯ ಇಲ್ಲ ಅಂದ್ಮೇಲೆ ನೋಡೋದೇನ್ ಮಾವ?" ಎನ್ನುತ್ತಿದ್ದ ಸ್ಟುಡಿಯೋದವನು. "ಅವರನ್ನೇನು ಕತ್ತು ಹಿಡಿದು ಹತ್ಸಿದಾರಾ? ಒಪ್ಕೊಂಡೇ ತಾನೆ ಹತ್ತಿರೋದು?"

ಮಾವ ಮೊಳೆಗಳನ್ನು ಅಂಗೈಗೆ ಉಗಿಯುತ್ತಿದ್ದರು. "ಹೊಟ್ಟೆಗಿಲ್ದೋನ ಒಪ್ಪಿಗೇನ ಒಪ್ಪಿಗೆ ಅಂತೀಯೇನಯ್ಯಾ? ಬೀಳೋನು ನಾಟಕ ಆಡ್ತಾನೆ, ಸರಿ. ಅವನು ಬೀಳೋ ನೆಲ ನಾಟಕ ಆಡುತ್ತಾ? ಹೌದೋ ಅಲ್ವೋ?"

ಆ ನೆಲವನ್ನು ಅವರು ಒತ್ತಿ ನೋಡಿದ್ದರು. ಒಂದು ಭಾನುವಾರ ಎಲ್ಲರೂ ಹೊರಬಿದ್ದ ಮೇಲೆ ಹಗ್ಗದಡಿ ಕೈ ತೂರಿಸಿ, ಹಲಗೆಯ ಮೇಲಿನ ಹಾಸನ್ನು ನಾಲ್ಕು ಮೂಲೆಯಲ್ಲೂ ಪರೀಕ್ಷಿಸಿ ಬಂದು, "ಹಲಗೆಗೂ ಬೆನ್ನಿಗೂ ನಡುವೆ ಒಂದು ಬಟ್ಟೆ ಇದೆ, ಅಷ್ಟೇ" ಎಂದರು. ನಾವು ಹತ್ತಾರು ಜನ ಸರದಿಯಲ್ಲಿ ಹೋಗಿ ಒತ್ತಿ ನೋಡಿದೆವು. ನನ್ನ ಬೆರಳಿಗೂ ಹಲಗೆ ಸಿಕ್ಕಿತು. ಹೊಸ ಸ್ಪಂಜನ್ನು ತಾನೇ ಹೊಲಿದು ಕೊಡುತ್ತೇನೆ, ಕೂಲಿ ಬೇಡವೆಂದು ಮಾವ ಮ್ಯಾನೇಜರನ ಬಳಿ ಹೋಗಿ ಬೇಡಿದರು. ಆತ ನಕ್ಕು, "ಮೆತ್ತಗಾದ್ರೆ ಸದ್ದು ಬರಲ್ಲ ಮಾವ, ಸದ್ದಿಲ್ದಿದ್ರೆ ಜನ ಬರಲ್ಲ" ಎಂದನಂತೆ.

ಈ ಆಟದಲ್ಲಿ ಒಂದೇ ಒಂದು ನಿಜದ ಸಂಕೇತವಿತ್ತು. ಬಿದ್ದವನಿಗೆ ನಿಜವಾಗಿ ಪೆಟ್ಟಾಗಿದ್ದರೆ ರೆಫ್ರಿ ತನ್ನೆರಡು ಕೈಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿಯುತ್ತಿದ್ದ. ಅದನ್ನು ಕಂಡೊಡನೆ ಕೂಗಾಟ ನಿಲ್ಲಬೇಕು, ಬಾಗಿಲಿನಿಂದ ರಿಂಗಿನವರೆಗಿನ ದಾರಿ ತೆರವಾಗಬೇಕು, ಸ್ಟ್ರೆಚರು ತಡೆಯಿಲ್ಲದೆ ಬರಬೇಕು. ಹೊಸದಾಗಿ ಬಂದವರಿಗೆಲ್ಲ ಈ ಪಾಠ ಹೇಳಿಕೊಡುವುದು ಮಾವನ ವ್ರತವಾಗಿತ್ತು. ಅವರ ದೆಸೆಯಿಂದ ನಮ್ಮ ಗೋದಾಮಿನ ಪ್ರೇಕ್ಷಕರು ಉಸಿರು ಬಿಡುವಷ್ಟರಲ್ಲಿ ದಾರಿ ಬಿಡುತ್ತಿದ್ದರು.

ಮ್ಯಾನೇಜರನಿಗೆ ಅದರಲ್ಲೂ ವ್ಯಾಪಾರ ಕಂಡಿತು. ಒಂದು ಭಾನುವಾರ ರೆಫ್ರಿ ಕೈ ಅಡ್ಡ ಹಿಡಿದ. ನಾವು ಕಣ್ಣೀರು ತುಂಬಿಕೊಂಡು ಸರಿದು ನಿಂತೆವು. ಸ್ಟ್ರೆಚರಿನ ಮೇಲೆ ಸಾಗುತ್ತಿದ್ದ 'ಗಾಯಾಳು' ನಡುದಾರಿಯಲ್ಲಿ ಚಂಗನೆ ಎದ್ದು ಎದುರಾಳಿಯ ಕತ್ತು ಹಿಡಿದ. ಜನ ಹುಚ್ಚೆದ್ದು ಕುಣಿದರು. ನಾನೂ ಕುಣಿದೆ, ಸುಳ್ಳೇಕೆ ಹೇಳಲಿ! ಮಾವ ಮಾತ್ರ ತಾವು ನಿಂತಲ್ಲೇ ಕೋಟಿನ ಗುಂಡಿ ಹಾಕಿಕೊಂಡು ಹೊರನಡೆದರು. ಮರುವಾರವೂ ಅದೇ ಆಟ, ಅದರ ಮರುವಾರವೂ ಅದೇ.

"ಇನ್ನೊಂದ್ಸಲ ಸುಳ್ಳು ಕೈ ಎತ್ತಿದ್ರೆ ನಾವು ನಲವತ್ತು ಜನ ದಾರೀಲೇ ನಿಂತು ಬೆನ್ನು ತಿರುಗ್ಸೋಣ" ಎಂದರು ಮಾವ ಸಭೆಯಲ್ಲಿ. "ಮ್ಯಾನೇಜರನ ಆಟ ಅವನಿಗೇ ಇರಲಿ. ಆಗ ಬುದ್ಧಿ ಬರುತ್ತೆ."

"ಅಕಸ್ಮಾತ್ ನಿಜ ಆಗಿದ್ರೆ ಮಾವ?" ಎಂದು ಕೇಳಿದವಳು ನರ್ಸಮ್ಮ ಒಬ್ಬಳೇ.

"ನಿಜ ಯಾವ್ದು, ಆಟ ಯಾವ್ದು ನನಗೆ ತಿಳಿಯಲ್ವೇನಮ್ಮ? ಮೂವತ್ತು ವರ್ಷದಿಂದ ನೋಡ್ತಿದೀನಿ. ನಿಜವಾಗ್ಲೂ ಪೆಟ್ಟಾದೋನು ಕಟ್ಟಿಗೆ ಥರ ಬಿದ್ದಿರ್ತಾನೆ. ಹಿಂದಿನ ಸಾಲಿಗೂ ಕಾಣ್ಲಿ ಅಂತ ಕೈ ನಡುಗ್ಸೋನು ಆಟದೋನು. ನಾನು 'ತಿರುಗಿ' ಅಂದಾಗ ಮಾತ್ರ ತಿರುಗಿ."

ಬೀಳುವವರನ್ನು ಅಷ್ಟು ಕಾಲ ಕಣ್ಣಿಟ್ಟು ನೋಡಿದವರು ಇನ್ನೊಬ್ಬರಿರಲಿಲ್ಲ. ನಾವು ಒಪ್ಪಿದೆವು.

ಗಿಡುಗ ಎಂಬ ಹೆಸರಿನಲ್ಲಿ ಆಡುತ್ತಿದ್ದ ಕುಸ್ತಿಯಾಳು ಮಾವನ ಕಣ್ಮಣಿ. ಬಡಕಲು ದೇಹದವನು, ಎರಡು ಹೆಣ್ಣುಮಕ್ಕಳ ತಂದೆ, ಹಗ್ಗದ ತುದಿಯೇರಿ ಹಾರಿ ಬೀಳುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಆ ಭಾನುವಾರ ಅವನು ಹಾರಿದ. ಹಿಡಿಯಬೇಕಾದವನ ಕೈ ಜಾರಿತು. ಕತ್ತು ಮೊದಲು ನೆಲಕ್ಕೆ ತಾಗಿತು. ಸದ್ದು ಚೆನ್ನಾಗಿಯೇ ಬಂತು. ರೆಫ್ರಿ ಕೈ ಅಡ್ಡ ಹಿಡಿದ. ನಾವೆಲ್ಲ ಮಾವನ ಮುಖ ನೋಡಿದೆವು. ಅವರು ಕಣ್ಣು ಕಿರಿದು ಮಾಡಿ ಗಿಡುಗನ ಬಲಗೈಯನ್ನೇ ನೋಡುತ್ತಿದ್ದರು. ಅದು ಬೆರಳು ಬೆರಳಾಗಿ ನಡುಗುತ್ತಿತ್ತು.

"ತಿರುಗಿ" ಎಂದರು ಮಾವ.

ನಲವತ್ತು ಜನ ದಾರಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ರಿಂಗಿಗೆ ಬೆನ್ನು ಮಾಡಿ ನಿಂತೆವು. ಎದುರಿಗೆ ಸ್ಟ್ರೆಚರಿನವರು ಬಂದು "ಜಾಗ ಬಿಡಿ, ಜಾಗ ಬಿಡಿ" ಎಂದು ಅರಚಿದರು. ಹೋದ ವಾರವೂ ಹೀಗೆಯೇ ಅರಚಿದ್ದರಲ್ಲ! ನಾವು ನಕ್ಕೆವು. ನರ್ಸಮ್ಮ ತಡೆಯಲಾರದೆ ಹಿಂದಿರುಗಿ ನೋಡಿದಳು. ರೆಫ್ರಿ ಮೊಣಕಾಲ ಮೇಲೆ ಕುಸಿದು ಬಾಯಿ ತೆರೆದು ಅಳುತ್ತಿದ್ದನಂತೆ. "ನಿಜ ಕಣ್ರೋ! ಅಯ್ಯೋ, ನಿಜ ಕಣ್ರೋ!" ಎಂದು ಆಕೆ ಕೂಗಿ ನಮ್ಮನ್ನು ತಳ್ಳುವಷ್ಟರಲ್ಲಿ, ಸ್ಟ್ರೆಚರು ಬರುವುದನ್ನು ಕಾದು ಕಾದು ದಿಕ್ಕೆಟ್ಟ ಜೊತೆಗಾರರು ಗಿಡುಗನನ್ನು ಕೈಕಾಲು ಹಿಡಿದು ಮೇಲೆತ್ತಿಬಿಟ್ಟಿದ್ದರು. ತಲೆ ಜೋತಾಡುತ್ತಿತ್ತು. ಹಿಂದಿನ ಬಾಗಿಲಿನಿಂದ ಹಾಗೆಯೇ ಹೊತ್ತೊಯ್ದರು.

ಜೀವ ಉಳಿಯಿತು. ಕತ್ತಿನಿಂದ ಕೆಳಗೆ ಯಾವುದೂ ಉಳಿಯಲಿಲ್ಲ. ಬಿದ್ದಾಗ ಆದದ್ದೆಷ್ಟು, ಎತ್ತಿದಾಗ ಆದದ್ದೆಷ್ಟು ಹೇಳಲಾಗದು ಎಂದರು ವೈದ್ಯರು. ಮಾವ ಒಂದು ವಾರ ಕಾರ್ಖಾನೆಯ ಬಾಗಿಲು ತೆರೆಯಲಿಲ್ಲ. ಆಮೇಲೆ ಗಿಡುಗನ ಮನೆಗೆ ಹೋಗಿ, ಮಲಗಿದಲ್ಲೇ ಮಲಗಿದ ಮೈಗೆ ಹುಣ್ಣಾಗದ ಹಾಗೆ ಒಂದು ಹಾಸು, ಹಿಮ್ಮಡಿಗೆರಡು, ಸೊಂಟಕ್ಕೊಂದು ದಿಂಬು ಅಳತೆ ತೆಗೆದು ಹೊಲಿದುಕೊಟ್ಟರು. ವಾರಕ್ಕೊಮ್ಮೆ ಹೋಗಿ ಅವನ್ನು ಬಿಚ್ಚಿ ಮತ್ತೆ ತುಂಬಿ ಬರುತ್ತಿದ್ದರು. ಗಿಡುಗನ ಹೆಂಡತಿ "ನೀವಿಲ್ದಿದ್ರೆ ಏನ್ ಗತಿ ಮಾವ" ಎನ್ನುತ್ತಿದ್ದಳು. 'ತಿರುಗಿ' ಎಂದವರು ಯಾರೆಂದು ಆಕೆಗೆ ಗೊತ್ತಿರಲಿಲ್ಲ.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ನಮ್ಮ ಕೊನೆಯ ಸಭೆ ಆಗ ನಡೆಯಿತು.

"ಬಾಯಿ ಬಿಡ್ಬೇಡಿ ಮಾವ" ಎಂದ ಸ್ಟುಡಿಯೋದವನು. ಅವನ ಕಣ್ಣಲ್ಲಿ ನೀರಿತ್ತು. "ಸುಳ್ಳು ಕೈ ಎತ್ತಿಸಿ ಜನರನ್ನ ಕೆಡಿಸಿದ್ದು ಮ್ಯಾನೇಜರ್ರು. ತಾವಾಗೇ ಜನ ಮೋಸ ಹೋದ್ರು ಅಂತಾದ್ರೆ ಅವನೇ ಹೊಣೆ. ಗಿಡುಗನ ಔಷಧಿ, ಮಕ್ಕಳ ಓದು ಎಲ್ಲ ಕಂಪನಿ ತಲೆ ಮೇಲೆ ಬೀಳುತ್ತೆ. ಯಾರೋ ಹೇಳಿ ನಿಲ್ಸಿದ್ರು ಅಂತಾದ್ರೆ, ಮುಗೀತು, ಅವನು ಕೈ ತೊಳ್ಕೊಂಡ."

"ಅವರ ಮನೆಗೋಸ್ಕರನಾದ್ರೂ ಸುಮ್ನಿರಿ" ಎಂದಳು ನರ್ಸಮ್ಮ.

ಮಾವನ ಬಾಯಲ್ಲಿ ಮೊಳೆಗಳಿದ್ದವು. ಅವರು ಅವನ್ನು ಉಗಿಯಲೂ ಇಲ್ಲ, ಹೊಡೆಯಲೂ ಇಲ್ಲ.

ಆದರೆ ಸುಳ್ಳು ಕೈಯ ವಿರುದ್ಧ ಅಷ್ಟು ಕೂಗಿದ ಗಂಟಲಿಗೆ ಸುಳ್ಳು ಇಳಿಯಲಿಲ್ಲ. ಮೊದಲು ಕರೆದದ್ದು ಅವರನ್ನೇ. ಒಳಗೆ ಹೋಗಿ, "ನಾನು 'ತಿರುಗಿ' ಅಂದೆ, ಅದಕ್ಕೆ ತಿರುಗಿದ್ರು. ತಪ್ಪು ನಂದು" ಎಂದರು. ಹೊರಗಿನ ಬೆಂಚಿನ ಮೇಲೆ ಕೂತಿದ್ದ ನಮಗೆಲ್ಲ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಹೇಳಿದರು. ಹಾಸಿನ ವಿಷಯವನ್ನೂ ಹೇಳಿದರು. ಅಧಿಕಾರಿ "ಅದನ್ನ ತಜ್ಞರು ನೋಡ್ಬೇಕು" ಎಂದಾಗ, "ನಾನೇ ತಜ್ಞ ಸ್ವಾಮೀ! ಹೊರಗಿರೋರನ್ನ ಕೇಳಿ, ಅವರೂ ಒತ್ತಿ ನೋಡಿದಾರೆ" ಎಂದು ಪಟ್ಟು ಹಿಡಿದರು.

ವರದಿಯಲ್ಲಿ 'ಪ್ರೇಕ್ಷಕರ ಸಂಘಟಿತ ಅಡ್ಡಿ' ಎಂಬ ಮಾತು ಬಂತು. ಹಾಸಿನ ಮಾತು ಬರಲಿಲ್ಲ. ಮಾವನಿಗೆ ಒಂದು ಎಚ್ಚರಿಕೆಯ ಪತ್ರ, ಮ್ಯಾನೇಜರನಿಗೆ ಬಿಡುಗಡೆ. ವರದಿ ಬಂದ ಮೂರನೆಯ ವಾರಕ್ಕೆ ಗೋದಾಮು ಮತ್ತೆ ತೆರೆಯಿತು. ಅದೇ ರಿಂಗು, ಅದೇ ಮುಖವಾಡದೊಳಗೆ ಇನ್ನೊಬ್ಬ ಗಿಡುಗ.

ಆ ಬುಧವಾರ ಮಾವ ದಿಂಬು ತುಂಬಲು ಹೋದಾಗ ಗಿಡುಗನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳಂತೆ. "ನಿಜ ಹೇಳಿ ನೀವು ನಿಮ್ಮ ಭಾರ ಇಳಿಸ್ಕೊಂಡ್ರಿ ಮಾವ. ನಮ್ಮ ಭಾರ ಯಾರ್ ಇಳಿಸ್ತಾರೆ?" ಎಂದಳಂತೆ. ಬೈಯಲಿಲ್ಲ, ಬಾಗಿಲು ಹಾಕಲಿಲ್ಲ. ಸೊಂಟದ ದಿಂಬಿನ ಹೊಲಿಗೆ ಬಿಟ್ಟಿದೆ ಎಂದು ಒಳಗೆ ಬಿಟ್ಟಳು. ಒಳಗೆ ಸೂರು ನೋಡುತ್ತ ಮಲಗಿದ್ದ ಗಿಡುಗ, "ಆವತ್ತು ಕೈ ನಡುಗಿದ್ದು ನಾನು ಮಾಡಿದ್ದಲ್ಲ ಮಾವ" ಎಂದನಂತೆ. ಇದನ್ನು ನನಗೆ ಹೇಳುವಾಗ ಮಾವ ಮಕ್ಕಳ ಹಾಗೆ ಬಿಕ್ಕಿದರು. ನಾನು ಅವರ ಭುಜ ಹಿಡಿದೆ. ನಾನು ಅವರಿಗೆ ಹೇಳಬೇಕಾದದ್ದು ಬೇರೆಯೇ ಇತ್ತು.

ತಾವು ಪ್ರೀತಿಸಿದ್ದಕ್ಕೆ ತಾವೇ ಕಾವಲು ನಿಲ್ಲುವ ಒಂದು ಜಾತಿಯ ಜನರಿದ್ದಾರೆ. ಪರರ ಸುಳ್ಳು ಸಹಿಸದವರು ತಮ್ಮ ಸುಳ್ಳನ್ನಂತೂ ಸಹಿಸಲಾರರು. ಲೋಕಕ್ಕೆ ಒಬ್ಬ ಅಪರಾಧಿ ಬೇಕಾದಾಗ ಕೈಯೆತ್ತಿ ನಿಲ್ಲುವವರು ಅವರೇ ಆದ್ದರಿಂದ ನಿಜವಾದ ಅಪರಾಧಿಗಳು ಎಂದೂ ಸಿಕ್ಕಿಬೀಳುವುದಿಲ್ಲ. ಅವರ ಪ್ರಾಮಾಣಿಕತೆ ಯಾರನ್ನೂ ಕಾಪಾಡಲಿಲ್ಲವೆಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಆದರೆ ಅಂಥವರ ಮಾತು ಸೋಲುವುದು ಅದು ಒಂಟಿಯಾದ್ದರಿಂದ, ಒಂಟಿಯಾಗುವುದು ನಮ್ಮಂಥವರಿಂದ. ಮಾವನ ನಂತರ ನಮ್ಮ ಮೂವತ್ತೊಂಬತ್ತು ಜನರ ಹೆಸರನ್ನೂ ಒಬ್ಬೊಬ್ಬರದಾಗಿ ಕೂಗಿದರು. ಹಾಸಿನ ಬಗ್ಗೆ ನಿಮಗೇನು ಗೊತ್ತು ಎಂದು ಅಧಿಕಾರಿ ಎಲ್ಲರನ್ನೂ ಕೇಳಿದ. ಗೊತ್ತು ಎಂದರೆ ಮಾವನ ಜೊತೆ ಅಡ್ಡ ನಿಂತವರಲ್ಲಿ ನಾವೂ ಸೇರಿಬಿಡುತ್ತೇವೆಂಬ ಭಯ. ಒಬ್ಬರಾದ ಮೇಲೆ ಒಬ್ಬರು ಒಳಗೆ ಹೋಗಿ ಒಂದೇ ಮಾತು ಹೇಳಿ ಬಂದೆವು: "ನಮಗೇನೂ ಗೊತ್ತಿಲ್ಲ ಸಾರ್, ನಾವು ಆ ಕಡೆ ನೋಡ್ತಿರ್ಲಿಲ್ಲ."