ವಿರುಪಾಕ್ಷಪ್ಪನ ಕೈಗುಣ

ಕಾಗವಾಡದ ಸುತ್ತಲಿನ ಹಳ್ಳಿಗಳಲ್ಲಿ ಯಾರದಾದರೂ ಎಲುಬು ಮುರಿದರೆ, ಕೀಲು ತಪ್ಪಿದರೆ, ಮೊದಲು ಬಾಯಿಗೆ ಬರುತ್ತಿದ್ದ ಹೆಸರು ವಿರುಪಾಕ್ಷಪ್ಪನದು. ದೇವರ ಹೆಸರು ಆಮೇಲೆ. ಆತ ಓದಿದ ವೈದ್ಯನೇನಲ್ಲ, ದ್ರಾಕ್ಷಿ ತೋಟ ಮಾಡಿಕೊಂಡಿದ್ದ ರೈತ. ಎಲುಬು ಕಟ್ಟುವ ವಿದ್ಯೆ ಅಪ್ಪನಿಂದ ಬಂದಿತ್ತು. ಅದರ ಬೆನ್ನಿಗೇ ಎರಡು ಕಟ್ಟಳೆಗಳೂ ಬಂದಿದ್ದವು: ಕಾಸು ಮುಟ್ಟಬಾರದು, ಬಾಗಿಲಿಗೆ ಬಂದವರನ್ನು ಹಾಗೇ ವಾಪಸು ಕಳಿಸಬಾರದು. ಉಣ್ಣುತ್ತ ಕುಳಿತಿದ್ದರೂ ಕೈ ತೊಳೆದು ಏಳುತ್ತಿದ್ದ.

ಉದ್ದಿನ ಹಿಟ್ಟು ಮೆತ್ತಿ, ಬಿದಿರಿನ ದಬ್ಬೆ ಇಟ್ಟು, ಬಿಗಿಯಾಗಿ ಕಟ್ಟುವುದು. ಮೂರು ವಾರಕ್ಕೆ ಬಿಚ್ಚಿ, ಬೆಚ್ಚಗಿನ ಔಡಲೆಣ್ಣೆ ಹಚ್ಚಿ, ದಿನಾ ತಿಕ್ಕಿ, ಕೀಲನ್ನು ಎಳೆದೆಳೆದು ಸಡಿಲು ಮಾಡುವುದು. ಎಷ್ಟೋ ಜನರ ಮುಂಗೈ, ಮುಂಗಾಲು ಹೀಗೆ ನೆಟ್ಟಗಾಗಿದ್ದವು, ಸುಳ್ಳು ಹೇಳಬಾರದು. ವಿರುಪಾಕ್ಷಪ್ಪನ ಕೈಯಲ್ಲಿ ನೋವೇ ಇಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು, ಆ ಮಾತು ಕಿವಿಗೆ ಬಿದ್ದರೆ ಆತನಿಗೆ ಉಂಡಷ್ಟೇ ತೃಪ್ತಿ. ಆದರೆ ಮೊಣಕೈಗಳು ಮಾತ್ರ ಕೆಲವು ಬಾಗಿದಂತೆಯೇ ಉಳಿದುಬಿಡುತ್ತಿದ್ದವು. ಅದು ಅವರವರ ಹಣೆಬರಹ ಎಂದು ಊರೂ ನಂಬಿತ್ತು, ಆತನೂ ನಂಬಿದ್ದ.

ಹಾಗೆ ಉಳಿದವರಲ್ಲಿ ಕುರಿ ಕಾಯುವ ಗಂಗಾರಾಮನೂ ಒಬ್ಬ. ಹರೆಯದಲ್ಲಿ ಬಂಡೆಯ ಮೇಲಿಂದ ಬಿದ್ದು ಬಲ ಮೊಣಕೈ ಜರುಗಿಸಿಕೊಂಡಿದ್ದ. ಎರಡು ತಿಂಗಳು ತಿಕ್ಕಿದರೂ ಅದು ಅರ್ಧ ಮಡಚಿದಲ್ಲೇ ಗಟ್ಟಿಯಾಯಿತು. ಮುಂದಕ್ಕೆ ಚಾಚಲೂ ಬರದು, ಬಾಯಿಗೆ ಒಯ್ಯಲೂ ಬರದು. ಕುರಿಯ ಉಣ್ಣೆ ಕತ್ತರಿಸುವ ಕೆಲಸ ಹೋಯಿತು. ರುಮಾಲು ಇನ್ನೊಬ್ಬರು ಸುತ್ತಿಕೊಡಬೇಕು. ಎಡಗೈಯಲ್ಲಿ ಉಣ್ಣುವವನೆಂದು ಮದುವೆ ಊಟಗಳಲ್ಲಿ ತಾನೇ ಪಂಕ್ತಿಯ ಕೊನೆಗೆ ಹೋಗಿ, ಗೋಡೆಗೆ ಮುಖಮಾಡಿ ಕೂರುತ್ತಿದ್ದ. ಆದರೂ ದಾರಿಯಲ್ಲಿ ಕಂಡರೆ ಸಾಕು, ಆ ಸೊಟ್ಟ ಕೈಯನ್ನೇ ಎದೆಗೆ ಹಚ್ಚಿ, "ನೀವು ಇರಲಿಲ್ಲಂದ್ರ ದವಾಖಾನ್ಯಾಗ ಕೈ ಕಡದ ಒಗೀತಿದ್ರು ಕಾಕಾ" ಎನ್ನುತ್ತಿದ್ದ.

೧೯೮೭ರ ದೀಪಾವಳಿ ಮುಗಿದ ವಾರ, ವಿರುಪಾಕ್ಷಪ್ಪನ ಹೆಂಡತಿ ಕಸ್ತೂರೆವ್ವ ಕೊಟ್ಟಿಗೆಯಲ್ಲಿ ಸಗಣಿಯ ಮೇಲೆ ಕಾಲು ಜಾರಿ ಬಿದ್ದಳು. ಬಲ ಮೊಣಕೈಯ ಕೀಲು ತಪ್ಪಿತು. ಗಂಡ ಅಲ್ಲೇ ಕೀಲು ಎಳೆದು ಕೂಡಿಸಿದ, ದಬ್ಬೆ ಕಟ್ಟಿದ, ಮೂರು ವಾರಕ್ಕೆ ಬಿಚ್ಚಿ ಎಣ್ಣೆ ಕಾಯಿಸಿದ. ಬೇರೆಯವರಿಗೆ ದಿನಕ್ಕೊಮ್ಮೆ ತಿಕ್ಕುತ್ತಿದ್ದವನು ಹೆಂಡತಿಗೆ ಎರಡು ಹೊತ್ತು ತಿಕ್ಕಿದ. ಪ್ರೀತಿ ಅಂದರೆ ಆತನಿಗೆ ಗೊತ್ತಿದ್ದದ್ದು ಅದೇ. ಅವಳು ಒಂದು ದಿನವೂ ಹುಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಕೈ ಚೌಕದ ಮೂಲೆಯ ಹಾಗೆ ಮಡಚಿ ನಿಂತುಬಿಟ್ಟಿತು.

ಸಂಕ್ರಾಂತಿಯ ದಿನ ಕುಂಕುಮಕ್ಕೆ ಬಂದ ಹೆಂಗಸರೆದುರು ಕಸ್ತೂರೆವ್ವನ ಬೆರಳು ತನ್ನ ಹಣೆಯನ್ನೇ ಮುಟ್ಟಲಿಲ್ಲ. ಪಕ್ಕದ ಮನೆಯವಳು ಪಾಪ ಎಂದು ತಾನೇ ಹಚ್ಚಿದಳು. ಅವರೆಲ್ಲ ಹೋದ ಮೇಲೆ ಕಸ್ತೂರೆವ್ವ ಗಂಡನ ಎದುರು ಬಂದು ನಿಂತಳು.

"ಒಮ್ಮೆ ಮಿರಜದ ದವಾಖಾನೀಗೆ ತೋರಸೋಣ್ರಿ. ಸಾಯೂತನಕ ಎಡಗೈಲೆ ಉಣ್ಣೂದು ನನ್ನ ಕೈಲೆ ಆಗೂದಿಲ್ಲ."

ಮದುವೆಯಾಗಿ ನಲವತ್ತು ವರ್ಷಗಳಲ್ಲಿ ಅವಳು ತನಗಾಗಿ ಕೇಳಿದ್ದು ಬಹಳ ಕಡಿಮೆ. ಇಲ್ಲ ಅನ್ನಲು ವಿರುಪಾಕ್ಷಪ್ಪನಿಗೆ ಬಾಯಿ ಬರಲಿಲ್ಲ. ಆದರೆ ಎಲುಬು ಕಟ್ಟುವವನ ಹೆಂಡತಿಯೇ ದವಾಖಾನೆ ಹತ್ತಿದಳೆಂದು ಗೊತ್ತಾದರೆ ಊರಲ್ಲಿ ತಲೆ ಎತ್ತುವುದು ಹೇಗೆ? "ಸಾಂಗ್ಲಿ ಗಣಪತಿಗೆ ಹೊಂಟೇವಿ ಅಂತ ಹೇಳು" ಎಂದ. ಅವಳ ಕೈ ಬರಬೇಕು, ತನ್ನ ಹೆಸರೂ ಉಳಿಯಬೇಕು. ಆತನಿಗೆ ಎರಡೂ ಬೇಕಾಗಿದ್ದವು.

ಮಿರಜದಲ್ಲಿ ಎಲುಬಿನ ಡಾಕ್ಟರು ಎಕ್ಸರೇ ತೆಗೆಸಿ ನೋಡಿ, ಈಗ ಕೊಯ್ಯುವುದು ಬೇಡ, ಮೊದಲು ವ್ಯಾಯಾಮದ ಕೋಣೆಗೆ ಹೋಗಿ ಎಂದರು. ಕೋಣೆಯ ಮೇಲೆ ಮರಾಠಿಯಲ್ಲಿ ಭೌತಿಕೋಪಚಾರ ಎಂದು ಬರೆದಿತ್ತು. ಒಳಗೆ ಒಬ್ಬ ಮುದುಕ ಎರಡು ಕಂಬಿಗಳ ನಡುವೆ ಮಗುವಿನ ಹಾಗೆ ಹೆಜ್ಜೆ ಕಲಿಯುತ್ತಿದ್ದ. ಅಲ್ಲಿ ವ್ಯಾಯಾಮ ಮಾಡಿಸುವ ಫಿಜಿಯೋಥೆರಪಿ ಹೆಣ್ಣುಮಗಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಮರಾಠಿ ರೂಢಿಯಂತೆ ಎಲ್ಲರೂ ಅವಳನ್ನು ಗೌರವದಿಂದ ಬಾಯಿ ಎನ್ನುತ್ತಿದ್ದರು. ಕನ್ನಡ, ಮರಾಠಿ ಎರಡೂ ಬರುತ್ತಿದ್ದವು. ಎರಡು ಪಟ್ಟಿ ಕೂಡಿಸಿದ ಕೋನಮಾಪಕದಿಂದ ಕಸ್ತೂರೆವ್ವನ ಮೊಣಕೈ ಅಳೆದಳು.

"ತೊಂಬತ್ತ ಡಿಗ್ರಿಗೆ ನಿಂತೈತಿ ನೋಡ್ರಿ ಮಾವಶಿ. ಕೈ ಬಾಯಿಗೆ ಹತ್ತಬೇಕಂದ್ರ ನೂರಾ ಮೂವತ್ತರ ತನಕ ಮಡಚಬೇಕು. ಇದನ್ನ ತಿಕ್ಕಿದವರು ಯಾರು?"

ಕಸ್ತೂರೆವ್ವ ನೆಲ ನೋಡಿದಳು. "ನಮ್ಮ ಕಡೆ ಒಬ್ರು ಅದಾರ್ರಿ" ಎಂದ ವಿರುಪಾಕ್ಷಪ್ಪ.

"ಮೊದಲ ಅವರ ಕೈ ಕಟ್ಟಿ ಹಾಕ್ರಿ" ಎಂದಳು ಬಾಯಿ. ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೀಲಿನ ಮುಂದೆ ಬೆಳ್ಳಗೆ ಕಂಡದ್ದನ್ನು ತೋರಿಸಿದಳು. "ಇಲ್ಲಿ ಎಲುಬು ಇರಬಾರದು. ಕೀಲು ಜರುಗಿದಾಗ ಸುತ್ತಲಿನ ಮಾಂಸ ಹರೀತೈತಿ, ಒಳಗ ರಕ್ತ ನಿಂದರತೈತಿ. ಸುಮ್ಮನ ಬಿಟ್ರ ತಾನ ಮಾಯತೈತಿ. ದಿನಾ ತಿಕ್ಕಿ ಎಳದ್ರ ದಿನಾ ಹೊಸಾ ಗಾಯ. ಮೊಣಕೈ ಭಾಳ ಸಿಟ್ಟಿನ ಕೀಲು. ಹಂಗ ಮಾಡಿದ್ರ ಮಾಂಸದಾಗ ಎಲುಬು ಬೆಳಸತೈತಿ."

ಕೂಸಿನ ಹಾಗೆ ಕಾಣುವ ಈ ಹುಡುಗಿ ಏನು ಬಲ್ಲಳು ಎಂದು ವಿರುಪಾಕ್ಷಪ್ಪನಿಗೆ ಸಿಟ್ಟು ಬಂತು.

"ಈಗ ಬ್ಯಾನಿ ಆಗತೈತೇನ್ರಿ, ನೋಯತೈತೇನ್ರಿ?" ಎಂದು ಬಾಯಿ ಮೊಣಕೈಯ ಗಂಟನ್ನು ಮೆಲ್ಲಗೆ ಮುಟ್ಟಿದಳು. "ಇಲ್ರಿ" ಎಂದಳು ಕಸ್ತೂರೆವ್ವ, ಗಂಡನ ಕಡೆ ಒಮ್ಮೆ ನೋಡಿ. ಆ ನೋಟ ಬಾಯಿಗೆ ಕಂಡಿತು. "ನೀವು ಸ್ವಲ್ಪ ಹೊರಗ ಕುಂದರ್ರಿ" ಎಂದು ಆತನನ್ನು ಕಳಿಸಿದಳು. ಹೊರಗಿನ ಬೆಂಚಿನ ಮೇಲೆ ಕೂತವನಿಗೆ ಒಳಗಿಂದ "ಯವ್ವಾ, ಬ್ಯಾಡ್ರಿ ಯವ್ವಾ" ಎಂದು ಒಂದು ಹೆಂಗಸಿನ ದನಿ ಕೇಳಿತು. ಯಾರೋ ಪಾಪ ಎಂದುಕೊಂಡ. ಒಳಗೆ ಬಾಯಿಯನ್ನು ಬಿಟ್ಟರೆ ಇದ್ದ ಹೆಂಗಸು ತನ್ನ ಹೆಂಡತಿಯೊಬ್ಬಳೇ ಎಂಬುದು ಹೊಳೆಯಲು ಗಳಿಗೆ ಬೇಕಾಯಿತು.

ಬಾಯಿ ಹೇಳಿಕೊಟ್ಟ ಉಪಚಾರದಲ್ಲಿ ವಿರುಪಾಕ್ಷಪ್ಪನಿಗೆ ಮಾಡಲು ಏನೂ ಇರಲಿಲ್ಲ. ಮೊದಲು ಮೂರು ವಾರ ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿಟ್ಟು ವಿಶ್ರಾಂತಿ. ಎಣ್ಣೆ ಇಲ್ಲ, ಕಾವು ಇಲ್ಲ, ತಿಕ್ಕುವ ಮಾತೇ ಇಲ್ಲ. ಆಮೇಲೆ ದಿನಕ್ಕೆ ಎಂಟು ಹತ್ತು ಸಲ, ಸ್ವಲ್ಪ ಸ್ವಲ್ಪ, ಅವಳ ಕೈಯನ್ನು ಅವಳೇ ಮಡಚಬೇಕು, ಅವಳೇ ಬಿಚ್ಚಬೇಕು.

"ಇನ್ನೊಬ್ಬರ ಕೈ ಇದನ್ನ ಎಳೀಬಾರದು. ಎಲ್ಲಿ ನಿಂದರಬೇಕು ಅಂತ ಬ್ಯಾನೀನ ಹೇಳತೈತಿ, ಅದರ ಮಾತು ಕೇಳ್ರಿ ಮಾವಶಿ. ನುಂಗಬ್ಯಾಡ್ರಿ" ಎಂದಿದ್ದಳು ಬಾಯಿ.

ಮನೆಯಲ್ಲಿ ಕಸ್ತೂರೆವ್ವ ಮಣೆಯ ಮೇಲೆ ಜೋಳದ ಹಿಟ್ಟು ಉದುರಿಸಿ, ಅದರ ಮೇಲೆ ಮುಂಗೈ ಜಾರಿಸುತ್ತಿದ್ದಳು. ಹಿಂದೆ, ಮುಂದೆ, ನೋವು ಬಂದಲ್ಲಿ ನಿಲುಗಡೆ. ಖಾಲಿ ಲೋಟ ಹಿಡಿದು ತುಟಿಯ ಕಡೆ ತರುತ್ತಿದ್ದಳು, ಅದು ನಡುದಾರಿಯಲ್ಲೇ ನಿಲ್ಲುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಇಬ್ಬರೂ ಸಾಂಗ್ಲಿ ಗಣಪತಿಯ ನೆಪ ಹೇಳಿ ಮಿರಜಕ್ಕೆ ಹೋಗಿ ಬರುತ್ತಿದ್ದರು. ಗಣಪತಿಯ ಮೇಲೆ ಇವರಿಗೆ ಇಷ್ಟು ಭಕ್ತಿ ಯಾವಾಗ ಬಂತೆಂದು ಜನ ನಗುತ್ತಿದ್ದರು. ಯುಗಾದಿಗೆ ಬಾಯಿ ತೊಂಬತ್ತೆಂಟು ಎಂದಳು. ತಿಂಗಳು ಕಳೆದು ಹೋದರೂ ತೊಂಬತ್ತೆಂಟೇ.

ಒಂದು ಮಧ್ಯಾಹ್ನ ವಿರುಪಾಕ್ಷಪ್ಪನಿಗೆ ತಡೆಯಲಾಗಲಿಲ್ಲ. ನಲವತ್ತು ವರ್ಷ ಊರಿನ ಎಲುಬು ಹಿಡಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿ ಹಿಟ್ಟಿನ ಮೇಲೆ ಕೈ ತೆವಳಿಸುವುದನ್ನು ನೋಡುತ್ತ ಕೂರುವುದು ಆತನ ಪಾಲಿಗೆ ದೊಡ್ಡ ಶಿಕ್ಷೆಯೇ. ಎಣ್ಣೆ ಕಾಯಿಸಿ ತಂದ. "ಕಸ್ತೂರಾ, ಇದೊಂದಿನ. ಹಗೂರಕ ತಿಕ್ಕತೀನಿ."

ಅವಳು ರೂಢಿಯಂತೆ ಕೈ ಒಡ್ಡಿದಳು. ಆತನ ಹೆಬ್ಬೆರಳು ಆ ಗಂಟಿನ ಮೇಲೆ ಕೂತಿತು.

"ಬ್ಯಾಡ್ರಿ" ಎಂದಳು ಕಸ್ತೂರೆವ್ವ. "ಭಾಳ ನೋವ ಆಗತೈತಿ."

"ಮೊದಲೂ ಆಗತಿತ್ತೇನು?"

"ದಿನಾ ಆಗತಿತ್ತು. ಜೀವ ಹೋದಂಗ ಆಗತಿತ್ತು."

"ಮತ್ತ ಹೇಳಬಾರದಿತ್ತ?"

"ಹೆಂಗ ಹೇಳಲಿ? ಕಟ್ಟೀ ಮ್ಯಾಲ ಮಂದಿ ಕುಂತಿರತಿದ್ರು. ನಿಮ್ಮ ಕೈಯಾಗ ನೋವ ಇಲ್ಲಂತ ಊರೆಲ್ಲಾ ಹೇಳತೈತಿ. ನಿಮ್ಮ ಹೇಣ್ತೀನ ಒದರಿದ್ರ ನಿಮ್ಮ ಹೆಸರ ಏನ ಆಗಬೇಕು?"

ವಿರುಪಾಕ್ಷಪ್ಪ ಎಣ್ಣೆಯ ಬಟ್ಟಲನ್ನು ಹಿತ್ತಲಿಗೆ ಒಯ್ದು ಚೆಲ್ಲಿದ. ಆಮೇಲೆ ಬಹಳ ಹೊತ್ತು ಅಲ್ಲೇ ಕೂತ. ತಾನು ತಿಕ್ಕಿದ ಮೊಣಕೈಗಳನ್ನು ಒಂದೊಂದಾಗಿ ನೆನೆಯತೊಡಗಿದ್ದ. ಹಲ್ಲು ಕಚ್ಚಿ ಕೂತವರೆಲ್ಲ, ನೋವಿಲ್ಲದೆ ಕೂತಿದ್ದಾರೆಂದೇ ತಿಳಿದಿದ್ದನಲ್ಲ! ಗಂಗಾರಾಮನ ಮುಖ ಕಣ್ಣಮುಂದೆ ಬಂದಾಗ ಎದ್ದು ತೋಟಕ್ಕೆ ನಡೆದ. ಆ ದಿನದಿಂದ ಆ ಕೈಯನ್ನು ಆತ ಮುಟ್ಟಲಿಲ್ಲ.

ಮಳೆಗಾಲದಲ್ಲಿ ಕೈ ಸಡಿಲಾಗತೊಡಗಿತು. ನೂರಾ ಹತ್ತಾಯಿತು, ನೂರಾ ಇಪ್ಪತ್ತಾಯಿತು. ದಸರೆಯ ಹೊತ್ತಿಗೆ ಒಂದು ಬೆಳಗ್ಗೆ ಕಸ್ತೂರೆವ್ವ ಕತ್ತು ತುಸು ಬಾಗಿಸಿ, ಬಲಗೈಯಿಂದ ರೊಟ್ಟಿಯ ತುಂಡು ಬಾಯಿಗಿಟ್ಟುಕೊಂಡಳು. ಗಂಡ ಹೆಂಡತಿ ಇಬ್ಬರ ಕಣ್ಣಲ್ಲೂ ನೀರು ಬಂತು. ಕೈ ಪೂರ್ತಿ ನೆಟ್ಟಗಾಗಲಿಲ್ಲ, ಅಷ್ಟೇ ಸಾಕೆಂದಳು ಅವಳು.

ಊರು ಬಿಡುತ್ತದೆಯೇ? "ಏನ ಕೈಗುಣ ರೀ ನಿಮ್ಮದು! ಕಲ್ಲಾದ ಕೈನ ತಿಕ್ಕಿ ತಿಕ್ಕಿ ಮೇಣ ಮಾಡಿದ್ರಿ" ಎಂದು ಬಾವಿಕಟ್ಟೆಯಿಂದ ಪಂಚಾಯಿತಿ ಕಟ್ಟೆಯವರೆಗೆ ಹೊಗಳಿದರು. ಹೌದೆಂದೂ ಅನ್ನದೆ, ಅಲ್ಲವೆಂದೂ ಅನ್ನದೆ ವಿರುಪಾಕ್ಷಪ್ಪ ಎಲೆ ಅಡಿಕೆ ಜಗಿಯುತ್ತಿದ್ದ. ಯಾರಾದರೂ ಮೊಣಕೈ ಹಿಡಿದುಕೊಂಡು ಬಂದರೆ, "ಕಣ್ಣು ಮಂಜಾಗ್ಯಾವ, ಈಗ ಬಿಟ್ಟೇನಿ, ಮಿರಜಕ ಹೋಗ್ರಿ" ಎಂದು ಸಾಗಹಾಕುತ್ತಿದ್ದ. ಹೆಂಡತಿಯ ಕೈಯೂ ಬಂದಿತ್ತು, ಹೆಸರೂ ಉಳಿದಿತ್ತು. ಆದರೆ ಆ ಹೊಗಳಿಕೆ ಶುರುವಾದರೆ ಕಸ್ತೂರೆವ್ವ ಎದ್ದು ಒಳಗೆ ಹೋಗುತ್ತಿದ್ದಳು.

ಕಬ್ಬು ಕಡಿಯುವ ಕಾಲದಲ್ಲಿ ಒಂದು ಬೆಳಗ್ಗೆ ಗಂಗಾರಾಮ ಬಂದ. ಸೊಟ್ಟ ಕೈಯ ಸಂದಿಯಲ್ಲಿ ಮಗಳನ್ನು ಒರಗಿಸಿಕೊಂಡು ಬಂದು ಕಟ್ಟೆಯ ಮೇಲೆ ಕೂರಿಸಿದ. ಹನ್ನೆರಡು ವರ್ಷದ ಹೊಳೆವ್ವ ಹಿಂದಿನ ಸಂಜೆ ಕಬ್ಬಿನ ಬಂಡಿಯಿಂದ ಬಿದ್ದಿದ್ದಳು. ಬಲ ಮೊಣಕೈ ಊದಿ ಕಪ್ಪಾಗಿತ್ತು.

"ಬರೇ ಕೀಲು ತಪ್ಪೇತಿ ಅನಸತೈತಿ ಕಾಕಾ. ಒಂದೀಟು ಕೂಡಿಸಿ, ತಿಕ್ಕಿಬಿಡ್ರಿ."

"ಕಣ್ಣು ಕಾಣಂಗಿಲ್ಲೋ ತಮ್ಮಾ. ಮಿರಜಕ ಒಯ್ಯಿ."

"ಕಣ್ಣ್ಯಾಕ ಬೇಕ್ರಿ ನಿಮಗ? ಕೈ ಇದ್ರ ಸಾಕು. ಕಾಕೂನ ಕೈ ನೋಡ್ರಿ, ಹೆಂಗ ಮಾಡೀರಿ. ನಂದು ನನ್ನ ದೈವ ಕೆಟ್ಟಿತ್ತು, ಆಗಲಿಲ್ಲ. ಇಕಿದು ಹೆಂಗಾರ ಮಾಡ್ರಿ."

"ನನ್ನ ಕೈಲೆ ಆಗೂದಿಲ್ಲ."

ಗಂಗಾರಾಮ ಮಗಳನ್ನು ಎಬ್ಬಿಸಿದ. "ಆತ ಬಿಡ್ರಿ. ಅಥಣಿ ದಾರ್ಯಾಗ ಇನ್ನೊಬ್ರು ತಿಕ್ಕತಾರಂತ. ಅಲ್ಲಿಗೆ ಒಯ್ಯತೀನಿ. ದವಾಖಾನಿ ನಮಗ್ಯಾಕ."

ಕಸ್ತೂರೆವ್ವ ಬಾಗಿಲಲ್ಲಿ ನಿಂತಿದ್ದಳು. ಗಂಡನ ಮುಖವನ್ನೇ ನೋಡುತ್ತಿದ್ದಳು. ಕಟ್ಟೆಯ ಮೇಲೆ ಊರಿನ ನಾಲ್ವರು ಕೂತಿದ್ದರು. ಹುಡುಗಿ ನೋವು ನುಂಗಿಕೊಂಡು ತುಟಿ ಕಚ್ಚಿದ್ದಳು.

"ನಿಂದರು ಗಂಗಾರಾಮ" ಎಂದ ವಿರುಪಾಕ್ಷಪ್ಪ. "ನಿಮ್ಮ ಕಾಕೂನ ಕೈ ನಾ ನೆಟ್ಟಗ ಮಾಡಲಿಲ್ಲ. ನಾ ತಿಕ್ಕಿ ಕೆಡಸಿದ್ನಿ. ಮಿರಜದ ದವಾಖಾನಿ ಬಾಯಾರು ತಿದ್ದಿದ್ರು. ಗಣಪತಿಗೆ ಅಂತ ಹೋಗತಿದ್ದದ್ದು ಅಲ್ಲಿಗೆ. ಮೊಣಕೈನ ತಿಕ್ಕಬಾರದು, ಯಾರೂ ತಿಕ್ಕಬಾರದು. ನಿನ್ನ ಕೈನೂ ನಾನ ಕೆಡಸೇನಿ."

ಗಂಗಾರಾಮ ತನ್ನ ಕೈಯನ್ನು ಈಗಷ್ಟೇ ಕಂಡವನಂತೆ ನೋಡಿಕೊಂಡ.

"ಹದಿನಾಕ ವರ್ಷ ಕೊಕಟನೂರ ಎಲ್ಲಮ್ಮನ್ನ ಬೈದೇನ್ರಿ ಕಾಕಾ" ಎಂದ. ಆಮೇಲೆ ಮೆಲ್ಲಗೆ, "ಹಂಗಂದ್ರ ನಾನೂ ಮಿರಜಕ ಹೋದ್ರ... ನಂದೂ ಆಗತೈತೇನ್ರಿ?"

ವಿರುಪಾಕ್ಷಪ್ಪ ಅದನ್ನು ಮಿರಜದ ಬಾಯಿಯ ಹತ್ತಿರ ಮೊದಲೇ ಕೇಳಿದ್ದ, ಯಾರ ಕೈ ಎಂದು ಹೇಳದೆ. ಅಷ್ಟು ಹಳೆಯದಾಗಿ ಪೂರ್ತಿ ಎಲುಬೇ ಆದದ್ದು ವ್ಯಾಯಾಮಕ್ಕೆ ಬಗ್ಗುವುದಿಲ್ಲ, ಕೊಯ್ದರೂ ಭರವಸೆ ಇಲ್ಲ ಎಂದಿದ್ದಳು.

"ಇಲ್ಲೋ ತಮ್ಮಾ. ನಿಂದು ಆಗೂದಿಲ್ಲ. ಕೇಳೇನಿ."

"ಇಕಿದು?"

"ಆಗತೈತಿ. ಇವತ್ತ ಒಯ್ದ್ರ ಆಗತೈತಿ."

ಕಸ್ತೂರೆವ್ವ ಒಂದು ಹಳೆಯ ಸೀರೆ ಹರಿದು ಹುಡುಗಿಯ ಕೈಗೆ ಜೋಳಿಗೆ ಕಟ್ಟಿದಳು. ತಾನೂ ಬರುತ್ತೇನೆ, ದಾರಿ ಗೊತ್ತು ಎಂದು ಚಪ್ಪಲಿ ಮೆಟ್ಟಿದಳು. ಮೂವರೂ ಬಸ್ಸು ನಿಲ್ಲುವ ಫಾಟಾದ ಕಡೆ ನಡೆದರು. ಕರೆಯದಿದ್ದರೂ ವಿರುಪಾಕ್ಷಪ್ಪ ಹಿಂದಿನಿಂದ ಹೋದ.

ಮಿರಜದ ಎಸ್‌ಟಿ ಬಸ್ಸು ಬಂತು. ಕಸ್ತೂರೆವ್ವ ಮೊದಲು ಹತ್ತಿದಳು. ಮೆಟ್ಟಿಲು ಎತ್ತರವಾಗಿತ್ತು, ಹುಡುಗಿಗೆ ಒಂದೇ ಕೈ. ಎತ್ತಿಕೊಡೋಣವೆಂದು ವಿರುಪಾಕ್ಷಪ್ಪ ಎರಡೂ ಕೈ ಚಾಚಿದ.

"ನೀವು ಮುಟ್ಟಬ್ಯಾಡ್ರಿ ಕಾಕಾ" ಎಂದ ಗಂಗಾರಾಮ.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಕಣ್ಣಿಗೆ ಧೂಳು ಬಿದ್ದವರಿಗೆ ಉಜ್ಜಬೇಡ ಎನ್ನುವ ಹಾಗೆ ಹೇಳಿದ್ದ, ಅದನ್ನೇ ವಿರುಪಾಕ್ಷಪ್ಪನಿಗೆ ತಾಳಿಕೊಳ್ಳಲಾಗಲಿಲ್ಲ. ಗಂಗಾರಾಮ ಮಗಳ ಬೆನ್ನಿಗೆ ಸೊಟ್ಟ ಕೈ ಕೊಟ್ಟು, ಎಡಗೈಯಿಂದ ಕಾಲು ಹಿಡಿದೆತ್ತಿ, ಹೇಗೋ ಮೇಲೆ ಹತ್ತಿಸಿದ. ತಾನೂ ಹತ್ತಿದ. ಕಂಡಕ್ಟರ್ ಗಂಟೆ ಹೊಡೆದ. ಬಸ್ಸು ಹೊರಟ ಮೇಲೂ ವಿರುಪಾಕ್ಷಪ್ಪ ಚಾಚಿದ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಅಲ್ಲೇ ನಿಂತಿದ್ದ.