ಬಸ್ಸಪ್ಪನಿಗೆ ಹತ್ತಿರದ ಊರು

ವೆನಿಸ್ ಒಳ್ಳೆಯದು, ಬೊಲೊನ್ಯಾ ಬೇಡ ಎಂದು ಹಟ ಹಿಡಿದವನು ನಾನೇ. ಎರಡೂ ಊರು ನಾನು ನೋಡಿದವಲ್ಲ. ಇನ್ನು ನೋಡುವುದೂ ಇಲ್ಲ. ಎಂಬತ್ತೊಂದು ತುಂಬಿದೆ, ಲಿಂಗಸುಗೂರಿನ ಬಸ್ ಸ್ಟ್ಯಾಂಡಿನವರೆಗೆ ನಡೆದು ಬಂದರೆ ಮೊಣಕಾಲು ಎರಡು ದಿನ ನರಳುತ್ತದೆ. ಆದರೂ ಇಟಲಿಯ ಆ ಎರಡು ಊರುಗಳ ಬಗ್ಗೆ ನಾನು ಮಾಡಿದಷ್ಟು ವಾದ ಈ ಸೀಮೆಯಲ್ಲಿ ಯಾರೂ ಮಾಡಿರಲಿಕ್ಕಿಲ್ಲ. ಯಾಕೆ ಮಾಡಿದೆ ಎಂದು ನಾನೇ ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ನನ್ನ ವಯಸ್ಸು ನೋಡಿ ಸ್ವಲ್ಪ ಮುಚ್ಚಿ ಹೇಳುತ್ತಾರೆ. ಅದು ಬೇಡ.

ನಾನು ಕರಿಬಸಯ್ಯ. ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದೆ. ಅದು ಹೊಟ್ಟೆಪಾಡು. ಹುಟ್ಟಿನಿಂದ ಬಂದದ್ದು ಅಯ್ಯತನ. ಸಂತೆಕಲ್ಲೂರಿನ ಒಂದು ಲಿಂಗವಂತ ಮನೆತನಕ್ಕೆ ಮೂರು ತಲೆಮಾರಿನಿಂದ ನಾವೇ ಅಯ್ಯಗಳು. ಆ ಮನೆಯಲ್ಲಿ ಕೂಸು ಹುಟ್ಟಿದರೆ ಲಿಂಗ ಕಟ್ಟುವವರು ನಾವು, ಯಾರಾದರೂ ತೀರಿಕೊಂಡರೆ ಹೆಣದ ತಲೆಯ ಮೇಲೆ ಪಾದವಿಟ್ಟು ಮಣ್ಣಿಗೆ ಕಳಿಸುವವರೂ ನಾವು. ನಮ್ಮಲ್ಲಿ ಸುಡುವುದಿಲ್ಲ. ಕುಣಿ ತೋಡಿ, ಒಳಗೆ ಕೂಡಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ಮತ್ತು ಪತ್ರಿ ತುಂಬಿ ಮುಚ್ಚುತ್ತೇವೆ.

ಆ ಮನೆತನದ ಹಿರಿಯಳು ಗುರುಲಿಂಗಮ್ಮ, ಮನೆ ಅಳಿಯ ಬಂದದ್ದರಿಂದ ತವರಲ್ಲೇ ಉಳಿದವಳು. ಎಂಬತ್ತೇಳು ವರ್ಷ, ಈಗ ಮಸ್ಕಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ನಾನು ಅಕ್ಕ ಎನ್ನುತ್ತೇನೆ, ಅವಳು ಅಯ್ನಾರ ಎಂದು ಕರೆಯುತ್ತಾಳೆ. ಅವಳ ಮೊಮ್ಮಗಳು ಅನುಪಮಾ ಸಿಂಧನೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಗಂಡ ಪಂಪಾಪತಿ ಅಲ್ಲೇ ಬ್ಯಾಂಕಿನಲ್ಲಿದ್ದಾನೆ. ಹೋದ ವರ್ಷ ಇಬ್ಬರೂ ರಜೆ ಹೊಂದಿಸಿಕೊಂಡು ಎಂಟು ದಿನ ಇಟಲಿಗೆ ಹೊರಟರು.

ಪಂಪಾಪತಿಗೆ ಪೆಟ್ಟಿಗೆ ಎಳೆದುಕೊಂಡು ದಿನಕ್ಕೊಂದು ಊರು ಅಲೆಯುವುದು ಆಗದು. ಒಂದೇ ಊರಲ್ಲಿ ಠಿಕಾಣಿ ಹೂಡಬೇಕು, ಬೆಳಿಗ್ಗೆ ರೈಲು ಹತ್ತಿ ಹೋಗಿ ಸಂಜೆಗೆ ಮರಳಬೇಕು. ಮುದಗಲ್ ಕೋಟೆಯನ್ನೂ ಮಸ್ಕಿಯ ಶಾಸನವನ್ನೂ ನೋಡಲು ಬಂದವರು ಲಿಂಗಸುಗೂರಿನ ಲಾಡ್ಜಿನಲ್ಲಿ ಇಳಿಯುತ್ತಾರಲ್ಲ, ಹಾಗೆ. ಎರಡು ಊರು ಅವನ ಮನಸ್ಸಿನಲ್ಲಿದ್ದವು. ಒಂದು ವೆನಿಸ್, ಬೀದಿಯ ಬದಲು ಕಾಲುವೆ ಇರುವ ಊರು. ಇನ್ನೊಂದು ಬೊಲೊನ್ಯಾ. ಅದು ನಮ್ಮ ಗುಂತಕಲ್ಲಿನ ಹಾಗೆ, ಎಲ್ಲ ದಿಕ್ಕಿನ ರೈಲು ಕೂಡುವ ಜಾಗ. ಅಲ್ಲಿಂದ ಫೋರ್ಲಿ ಎಂಬ ಊರಿಗೆ ಒಂದು ತಾಸೂ ಹಿಡಿಯುವುದಿಲ್ಲ.

ಈ ಫೋರ್ಲಿಯ ಹೆಸರು ಬಂದಾಗ ಗುರುಲಿಂಗಮ್ಮ ಕಿವಿ ನಿಮಿರಿಸಿದಳು. ಮಸ್ಕಿಯ ಮನೆಯ ಪಡಸಾಲೆಯಲ್ಲಿ ನಾವೆಲ್ಲ ಕೂತಿದ್ದೆವು.

"ಕಾಲುವಿ ನೋಡಾಕ ಅಲ್ಲೀತನ ಹೋಗಬೇಕೇನ? ಸಿಂಧನೂರಾಗ ನಿಮ್ಮ ಮನಿ ಹಿಂದ ಹರೀತೈತಿ," ಅಂದಳು. "ನಮ್ಮಣ್ಣಗ ಯಾವ ಊರು ಸಮೀಪ, ಅದನ್ನ ಹಿಡೀರಿ."

ಅವಳ ಅಣ್ಣ ಬಸ್ಸಪ್ಪ. ಹದಿನೆಂಟರ ವಯಸ್ಸಿನಲ್ಲಿ ಅಪ್ಪನ ಮೇಲೆ ಮುನಿಸಿಕೊಂಡು ಬೆಳಗಾವಿಗೆ ಹೋಗಿ ಸೈನ್ಯ ಸೇರಿದವನು. ದೊಡ್ಡ ಯುದ್ಧದ ಕಾಲ. ಎರಡು ವರ್ಷದ ಮೇಲೆ, ಇಟಲಿಯಲ್ಲಿ ತೀರಿಕೊಂಡನೆಂದು ಒಂದು ಕಾಗದ ಬಂತು. ಆಗ ಗುರುಲಿಂಗಮ್ಮನಿಗೆ ಆರು ವರ್ಷ. ಅಣ್ಣನ ಹೆಗಲ ಮೇಲೆ ಕೂತು ಸಂತೆಗೆ ಹೋದದ್ದು, ಅವನ ಕಿವಿ ಹಿಡಿದುಕೊಂಡದ್ದು, ಇಷ್ಟೇ ಅವಳಿಗೆ ನೆನಪು. ತಾಯಿ ವೀರಭದ್ರಮ್ಮನಿಗೆ ಮಗ ಸತ್ತದ್ದಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಪರದೇಶದ ಜನ ಅವನನ್ನು ಮಣ್ಣು ಮಾಡಿದರೋ, ಸುಟ್ಟರೋ? ಕೇಳಿದರೆ ಹೇಳುವವರು ಯಾರೂ ಇರಲಿಲ್ಲ.

ಎಂಬತ್ತೆಂಟನೆಯ ಇಸವಿಯಲ್ಲಿ ಅದನ್ನು ತಿಳಿಯಲು ನಾನೇ ಸೈನಿಕರ ಸಮಾಧಿ ನೋಡಿಕೊಳ್ಳುವ ಕಚೇರಿಗೆ ಪತ್ರ ಬರೆದೆ. ಉತ್ತರ ಬರುವ ಹೊತ್ತಿಗೆ ವೀರಭದ್ರಮ್ಮ ಹಾಸಿಗೆ ಹಿಡಿದಿದ್ದಳು, ಗಂಟಲಲ್ಲಿ ನೀರು ಇಳಿಯುತ್ತಿರಲಿಲ್ಲ. ಪಕ್ಕದಲ್ಲಿ ಗುರುಲಿಂಗಮ್ಮ ಕೂತಿದ್ದಳು. ಇಂಗ್ಲಿಷ್ ಬರುತ್ತಿದ್ದವನು ನಾನೊಬ್ಬನೇ. ಕಾಗದದಲ್ಲಿ ಸ್ಪಷ್ಟವಾಗಿ ಇತ್ತು: ಬಸ್ಸಪ್ಪನನ್ನು ಸುಟ್ಟಿದ್ದಾರೆ, ಫೋರ್ಲಿಯಲ್ಲಿ ಸುಟ್ಟವರ ಹೆಸರು ಕೆತ್ತಿದ ಕಲ್ಲಿನಲ್ಲಿ ಅವನದೂ ಇದೆ. ಸೈನ್ಯ ಸೇರುವಾಗ ಹಿಂದೂ ಎಂದು ಬರೆಸಿದ್ದಾನೆ, ಹಿಂದೂಗಳನ್ನು ಸುಡುತ್ತಾರೆ ಎಂದುಕೊಂಡಿದ್ದಾರೆ. ಲಿಂಗವಂತರ ಕತೆ ಆ ರಣರಂಗದಲ್ಲಿ ಯಾರಿಗೆ ಗೊತ್ತು?

"ಅಯ್ನಾರ, ನನ್ನ ಮಗನ್ನ ಮಣ್ಣಾಗ ಇಟ್ಟಾರೋ ಇಲ್ಲೋ?" ಮುದುಕಿ ಕೇಳಿದಳು.

"ಇಟ್ಟಾರವ್ವ, ಫೋರ್ಲಿ ಅನ್ನೋ ಊರಾಗ," ಅಂದೆ. "ಕುಂದ್ರಿಸೇ ಇಟ್ಟಾರ."

ಮರುದಿನ ಅವಳು ಹೋದಳು. ಅವಳ ತಲೆಯ ಮೇಲೆ ಪಾದವಿಟ್ಟವನೂ ನಾನೇ.

ಸಾಯುವವಳಿಗೆ ಹೇಳಿದ ಸುಳ್ಳು ಅವಳ ಜೊತೆಗೇ ಮಣ್ಣಾಗುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಪಕ್ಕದಲ್ಲಿದ್ದವಳು ಅದನ್ನು ಎತ್ತಿಟ್ಟುಕೊಂಡಳು. ತಾಯಿಯ ಕುಣಿಯ ಮೇಲಿನ ಒಂದು ಹಿಡಿ ಮಣ್ಣನ್ನು ತಾಯಿಯ ಸೀರೆಯ ತುಂಡಿನಲ್ಲಿ ಕಟ್ಟಿ ಇಟ್ಟಳು. ಯಾರಾದರೂ ಆ ದೇಶಕ್ಕೆ ಹೋದರೆ ಇದನ್ನು ಅಣ್ಣನ ಕುಣಿಗೆ ಹಾಕಬೇಕು, ಅಲ್ಲಿಂದ ಒಂದು ಹಿಡಿ ತರಬೇಕು, ತಾನು ಸತ್ತಾಗ ಅದನ್ನು ತನ್ನ ಕುಣಿಯೊಳಗೆ ಹಾಕಬೇಕು. ಹಾಕುವವನು ನಾನೇ ಎಂದು ನಿಶ್ಚಯ ಮಾಡಿಬಿಟ್ಟಿದ್ದಳು. ಮೂವತ್ತೇಳು ವರ್ಷ ಈ ಮಾತನ್ನು ನನ್ನ ಎದುರಿಗೇ ಆಡಿದಳು. ನಾನು ಹೂಂಗುಟ್ಟುತ್ತ ಬಂದೆ. ಸಂತೆಕಲ್ಲೂರಿನಿಂದ ಇಟಲಿಗೆ ಯಾರು ಹೋಗುತ್ತಾರೆ ಎಂಬ ಧೈರ್ಯ.

ಈಗ ಹೋಗುವವರು ಎದುರಿಗೇ ಕೂತಿದ್ದರು. ಬೊಲೊನ್ಯಾದಲ್ಲಿ ಇಳಿದರೆ ಫೋರ್ಲಿಗೆ ಹೋಗದೆ ಬಿಡುವುದಿಲ್ಲ. ಹೋದರೆ ಕುಣಿ ಸಿಗುವುದಿಲ್ಲ, ನನ್ನ ಸುಳ್ಳು ಸಿಗುತ್ತದೆ. ವೆನಿಸ್‌ನಲ್ಲಿ ಇಳಿದರೆ ದೂರ, ರೈಲು ಬದಲಿಸಬೇಕು, ಒಂದು ದಿನ ಪೂರಾ ಅದಕ್ಕೇ ಹೋಗುತ್ತದೆ.

ಅಂದಿನಿಂದ ನಾನು ವೆನಿಸ್‌ನ ಪರ ನಿಂತೆ. ಮನೆಗೆ ಬಂದು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತೆ. ಅಲ್ಲಿ ಮೋಟಾರಿಲ್ಲ, ಹೊಗೆಯಿಲ್ಲ. ಮುಳುಗುವ ಊರು, ಇನ್ನು ಕೆಲವು ವರ್ಷ ಬಿಟ್ಟರೆ ನೋಡಲು ಸಿಗುತ್ತದೋ ಇಲ್ಲವೋ ಅಂದೆ. ಬೊಲೊನ್ಯಾ ಖೀಮಾಕ್ಕೆ ಹೆಸರಾದ ಊರು, ಕೊರಳಲ್ಲಿ ಲಿಂಗ ಕಟ್ಟಿದವರಿಗೆ ಅಲ್ಲಿ ಒಂದು ಹೊತ್ತಿನ ಊಟ ಹುಟ್ಟುವುದಿಲ್ಲ ಅಂತಲೂ ಅಂದೆ. ಪಂಪಾಪತಿ ಕಣ್ಣರಳಿಸಿದ.

"ತಾತ, ನೀವು ಯಾವಾಗ ಹೋಗಿ ಬಂದ್ರಿ?" ಎಂದು ಕೇಳಿ ನಕ್ಕ.

ಅನುಪಮಾ ನಗಲಿಲ್ಲ. ಫೋರ್ಲಿಯಲ್ಲಿ ಸಾಲುಸಾಲು ಗೋರಿಗಳ ಚಿತ್ರ ನೋಡಿದ್ದಾಳಂತೆ. ಅಜ್ಜಿಯ ಅಣ್ಣನದು ಯಾವ ಸಾಲು, ಯಾವ ನಂಬರು, ನಿಮ್ಮ ಕಾಗದದಲ್ಲಿ ಇರಬೇಕಲ್ಲ ಎಂದು ಕೇಳಿದಳು. ಕಾಗದವನ್ನು ಗೆದ್ದಲು ತಿಂದಿದೆ ಅಂದೆ. ಕಾಗದ ನನ್ನ ಟ್ರಂಕಿನಲ್ಲಿ, ಹಳೆಯ ಪಂಚಾಂಗದ ನಡುವೆ, ಒಂದು ಮೂಲೆಯೂ ಹರಿಯದೆ ಇತ್ತು.

ನಾನು ಗೆದ್ದೆ. ನಂಬರಿಲ್ಲದೆ ಹೋಗಿ ಎಲ್ಲಿ ಹುಡುಕುವುದು ಎಂದು ಪಂಪಾಪತಿ ವೆನಿಸ್‌ಗೆ ಒಲಿದ. ಸೋಮವಾರ ರೂಮು ಕಾಯ್ದಿರಿಸುವುದೆಂದು ಮಾತಾಯಿತು.

ಭಾನುವಾರ ಮಧ್ಯಾಹ್ನ ಗುರುಲಿಂಗಮ್ಮ ನನ್ನನ್ನು ಮಸ್ಕಿಗೆ ಕರೆಸಿದಳು. ಜಗಳಕ್ಕೆಂದು ನಾನು ತಯಾರಾಗಿ ಹೋಗಿದ್ದೆ. ಅವಳು ಜಗಳ ಆಡಲಿಲ್ಲ. ಸೊಸೆ ಭುವನೇಶ್ವರಿ ಚಾ ಇಟ್ಟು ಒಳಗೆ ಹೋದಳು. ಗುರುಲಿಂಗಮ್ಮ ಉಡಿಯಿಂದ ಆ ಗಂಟು ತೆಗೆದು ನನ್ನ ಮುಂದೆ ಇಟ್ಟಳು. ಸೀರೆಯ ಬಣ್ಣ ಹೋಗಿ ಮಣ್ಣಿನ ಬಣ್ಣವೇ ಬಂದಿತ್ತು.

"ಹುಡುಗ್ರಿಗೆ ಅವರ ಸಂತೋಷ ಇರತೈತಿ. ಬಲವಂತ ಮಾಡಾಕ ಬರಂಗಿಲ್ಲ," ಅಂದಳು. "ಇದನ್ನ ನೀವ ಇಟ್ಕೋರಿ ಅಯ್ನಾರ. ನನ್ನ ಕುಣ್ಯಾಗ ಹಾಕಿಬಿಡ್ರಿ. ಬರಾಕ ಆಗ್ಲಿಲ್ಲ ಅಂತ ಅಣ್ಣಗ ನಾನ ಹೇಳ್ತೀನಿ."

ಗಂಟನ್ನು ಮುಟ್ಟಲು ನನ್ನ ಕೈ ಹೋಗಲಿಲ್ಲ. ನನ್ನ ತಪ್ಪನ್ನು ಅವಳು ತನ್ನ ತಪ್ಪೆಂದು ಹೊತ್ತುಕೊಂಡು ಮಣ್ಣಿಗೆ ಹೊರಟಿದ್ದಳು.

"ಯಕ್ಕಾ, ಅಲ್ಲಿ ಕುಣಿ ಇಲ್ಲ," ಅಂದೆ. "ಬಸ್ಸಪ್ಪಣ್ಣನ್ನ ಸುಟ್ಟಾರ. ಕಲ್ಲಿನ ಮ್ಯಾಲೆ ಹೆಸರು ಅಷ್ಟ ಐತಿ. ಕಾಗದ ನನ್ನ ಹಂತ್ಯಾಕ ಐತಿ. ನಾ ಸುಳ್ಳು ಓದಿದ್ದೆ."

ಅವಳು ಗಂಟನ್ನು ತನ್ನ ಕಡೆಗೆ ಎಳೆದುಕೊಂಡಳು. ಹೊರಗೆ ಸಿಂಧನೂರಿನ ಬಸ್ಸು ನಿಂತು ಜನ ಇಳಿಸಿ ಹೋಯಿತು. ಆಮೇಲೆ ಕೇಳಿದಳು:

"ನಮ್ಮವ್ವನ ತಲಿ ಮ್ಯಾಲೆ ಪಾದ ಇಟ್ಟಾಗ ನಿನಗ ಇದು ಗೊತ್ತಿತ್ತೇನ?"

ನೀನು ಎಂದು ಅವಳು ನನ್ನನ್ನು ಕರೆದದ್ದು ಅದೇ ಮೊದಲು. ಗೊತ್ತಿತ್ತು ಅಂದೆ.

"ಸಾಯಾಕಿಗೆ ಹೇಳಿದ್ದು ಇರಲಿ. ಆಕಿ ಸಮಾಧಾನದಿಂದ ಹೋದ್ಲು. ನಾ ಸತ್ತಿದ್ದಿಲ್ಲಲ್ಲ. ಮೂವತ್ತೇಳು ವರ್ಷ ನನ್ನ ಎದುರಿಗೆ ಕುಂತು ಚಾ ಕುಡದಿ." ದನಿ ಏರಲಿಲ್ಲ. "ನನ್ನ ಕುಣಿಗೆ ನೀ ಬರಬ್ಯಾಡ. ಮುದಗಲ್ಲಿನ ಅಯ್ನಾರಿಗೆ ಹೇಳಿಸ್ತೀನಿ."

ಅಯ್ಯನಾದವನಿಗೆ ಭಕ್ತರ ಮನೆಯಿಂದ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನನ್ನ ಅಜ್ಜ, ನನ್ನ ಅಪ್ಪ, ಆಮೇಲೆ ನಾನು, ಆ ಮನೆಯ ಎಷ್ಟು ಜನರನ್ನು ಕಳಿಸಿಕೊಟ್ಟೆವು ಎಂದು ನನಗೇ ನೆನಪಿಲ್ಲ. ಎದ್ದೆ. ಚಾ ಹಾಗೇ ಇತ್ತು.

ಮರುದಿನ ಕಾಗದ ತೆಗೆದುಕೊಂಡು ಸಿಂಧನೂರಿಗೆ ಹೋಗಿ ಅನುಪಮಾಳ ಕೈಗೆ ಕೊಟ್ಟು ಎಲ್ಲ ಹೇಳಿದೆ. ಅವಳು ಓದಿದಳು, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಪಂಪಾಪತಿ, ಇನ್ನು ಬೊಲೊನ್ಯಾ ಯಾಕೆ, ತರಲು ಮಣ್ಣೇ ಇಲ್ಲವಲ್ಲ ಎಂದು ಮೆಲ್ಲಗೆ ಕೇಳಿದ. ಅನುಪಮಾ ಅಜ್ಜಿಗೆ ಫೋನು ಹಚ್ಚಿ, ಅವನಿಗೂ ಕೇಳಲಿ ಎಂದು ನಡುವೆ ಇಟ್ಟಳು.

"ಸುಟ್ರೇನ, ನಮ್ಮಣ್ಣ ಅಲ್ಲೇ ಅದಾನ," ಎಂದು ಮುದುಕಿಯ ದನಿ ಬಂತು. "ಅವ್ವನ ಮಣ್ಣು ಆ ಕಲ್ಲಿನ ಬುಡಕ್ಕ ಹಾಕ್ರಿ. ಅಲ್ಲಿಂದ ಏನೂ ತರಬ್ಯಾಡ್ರಿ."

ಪಂಪಾಪತಿ ಬೊಲೊನ್ಯಾದಲ್ಲೇ ರೂಮು ಹಿಡಿದ. ವೆನಿಸ್‌ಗೆ ಅಲ್ಲಿಂದ ಒಂದು ದಿನ ಹೋಗಿ ಬಂದರಂತೆ. ಬಹಳ ಗದ್ದಲ ಅಂದ. ಫೋರ್ಲಿಗೆ ಎರಡು ಸಲ ಹೋದರು. ಮೊದಲನೆಯ ಸಲ ಅನುಪಮಾಳಿಗೆ ಗಂಟು ಬಿಚ್ಚಲು ಬರಲಿಲ್ಲವಂತೆ, ಅಷ್ಟು ವರ್ಷದ ಗಂಟು, ಹಾಗೇ ಕೂತು ಎದ್ದು ಬಂದಳು. ಎರಡನೆಯ ಸಲ ಬಿಚ್ಚಿದಳು.

ತಿರುಗಿ ಬಂದ ಮೇಲೆ ಕಲ್ಲಿನ ಫೋಟೋವನ್ನು ದೊಡ್ಡದಾಗಿ ತೆಗೆಸಿ ಮಸ್ಕಿಗೆ ಒಯ್ದರು. ಎರಡು ದಿನ ಬಿಟ್ಟು ನನಗೆ ಕರೆ ಬಂತು. ಹೋದೆ. ಇಂಗ್ಲಿಷ್ ಓದಲು ಮನೆಯಲ್ಲೇ ನಾಲ್ಕು ಜನ ಇದ್ದರು, ಅನುಪಮಾಳೂ ಇದ್ದಳು. ಗುರುಲಿಂಗಮ್ಮ ಫೋಟೋವನ್ನು ನನ್ನ ಕೈಗೆ ಕೊಟ್ಟಳು.

"ಓದು," ಅಂದಳು.

ಕನ್ನಡಕ ಒರೆಸಿಕೊಂಡು ಓದಿದೆ. ಅವನ ನಂಬರು. ಸಿಪಾಯಿ. ಬಸ್ಸಪ್ಪ. ಮೇಲಿನ ಸಾಲನ್ನೂ ಬಿಡಲಿಲ್ಲ: ಇವರ ದೇಹಗಳನ್ನು ಬೆಂಕಿಗೆ ಒಪ್ಪಿಸಲಾಗಿದೆ.

"ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದೆ. ಬೆಂಕಿ ಎಂಬಲ್ಲಿ ದನಿ ಇಳಿಸದೆ ಓದಿದೆ. ಅವಳು ಫೋಟೋ ತೆಗೆದುಕೊಂಡು ಅಣ್ಣನ ಹೆಸರಿನ ಮೇಲೆ ಬೆರಳಾಡಿಸಿದಳು, ಆಮೇಲೆ ಮಡಿಲಲ್ಲಿ ಬೋರಲು ಇಟ್ಟುಕೊಂಡಳು. ಭುವನೇಶ್ವರಿ ಚಾ ತಂದಿಟ್ಟಳು. ನಾನು ಮುಟ್ಟಲಿಲ್ಲ.

"ಆರತೈತಿ. ಕುಡೀರಿ," ಎಂದು ಗುರುಲಿಂಗಮ್ಮ ಹೇಳಿದಳು.

ಕುಡಿದೆ. ಕುಣಿಯ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುದಗಲ್ಲಿಗೆ ನಾನು ಮೊದಲೇ ಹೋಗಿ ಬಂದಿದ್ದೆ. ಆ ಮನೆತನದ ಹೊಲ ಎಲ್ಲಿದೆ, ಕುಣಿಯಲ್ಲಿ ಮುಖ ಯಾವ ಕಡೆ ಮಾಡಬೇಕು, ವೀರಭದ್ರಮ್ಮನ ಪಕ್ಕದಲ್ಲಿ ಎಷ್ಟು ಜಾಗ ಉಳಿದಿದೆ, ಎಲ್ಲವನ್ನೂ ಅಲ್ಲಿನ ಅಯ್ಯನವರಿಗೆ ತಿಳಿಸಿದ್ದೇನೆ.